ಬೀಳಿಸುವ ಪಾಠ

ಮಾರ್ಚ್ ೧೨, ಮಂಗಳವಾರ

ಇವತ್ತು ರೋಗಿಯೊಬ್ಬರನ್ನು ನೆಲಕ್ಕಿಳಿಸಿದೆ. ತರಬೇತಿಯ ಮೇಡಂ ಭೇಷ್ ಅಂದರು. ಆದರೂ ರೋಗಿಯ ಹೆಂಡತಿ ಕೂಗಿದ್ದು ಕಿವಿಯಲ್ಲೇ ಇದೆ.

ಫಿಸಿಯೋಥೆರಪಿ ಸಹಾಯಕಿಯ ಕೆಲಸ ಕಲಿಯಲು ಸೇರಿದ ಮೇಲೆ ನನ್ನ ಪಾಲಿಗೆ ಬಂದ ಮೊದಲ ರೋಗಿ ಈ ಬಸ್ ಡ್ರೈವರ್. ಪಾರ್ಶ್ವವಾಯುವಿನಿಂದ ಎಡಗಾಲಿಗೆ ಬಲವಿಲ್ಲ. ನಡೆಯುವ ಅಭ್ಯಾಸಕ್ಕಿರುವ ಜೋಡಿ ಕಂಬಿಗಳ ನಡುವೆ ಹೆಜ್ಜೆ ಹಾಕುತ್ತಿದ್ದಾಗ ಅವರ ಮಂಡಿ ಕುಸಿಯಿತು. ನಾನು ಎತ್ತಿ ನಿಲ್ಲಿಸಲು ಹೋಗಲಿಲ್ಲ; ಹೋಗಿದ್ದರೆ ಇಬ್ಬರೂ ಬೀಳುತ್ತಿದ್ದೆವು. ಕಲಿಸಿದ್ದಂತೆ ಹಿಡಿದುಕೊಳ್ಳಲೆಂದು ಅವರ ಸೊಂಟಕ್ಕೆ ಕಟ್ಟಿದ್ದ ಬೆಲ್ಟನ್ನು ನನ್ನತ್ತ ಎಳೆದುಕೊಂಡು, ನನ್ನ ತೊಡೆಯ ಮೇಲೆ ಜಾರಿಸುತ್ತ ಮೆಲ್ಲಗೆ ನೆಲದ ಮೇಲೆ ಕೂರಿಸಿದೆ.

"ಅಯ್ಯೋ, ಬೀಳಿಸಿಬಿಟ್ಟಳಲ್ಲ!" ಎಂದು ಹೆಂಡತಿ ಕಿರುಚಿದರು.

"ಗಾಡಿ ಕೆಟ್ಟು ನಿಂತಿದೆ ಅಷ್ಟೇ ಕಣೇ," ಎಂದರು ಡ್ರೈವರ್. ಎಲ್ಲೂ ಪೆಟ್ಟಾಗಿರಲಿಲ್ಲ.

ಆಗ ನನಗೆ ಭಯವೂ ಆಗಲಿಲ್ಲ, ಹೆಮ್ಮೆಯೂ ಆಗಲಿಲ್ಲ. ತೊಡೆಯ ಮೇಲೆ ಅವರ ಭಾರವಷ್ಟೇ ಗೊತ್ತಾಗುತ್ತಿತ್ತು.

ಸಂಜೆ ಡ್ರೈವರ್ ಹೆಂಡತಿ ನನ್ನನ್ನು ಹುಡುಕಿಕೊಂಡು ಬಂದರು. ಬೈಸಿಕೊಳ್ಳಲು ಸಿದ್ಧಳಾಗಿ ನಿಂತೆ.

"ಮನೇಲಿ ನಾವಿಬ್ರೇ ಇರೋದು. ಇವರು ಬಿದ್ರೆ ನನ್ ಕೈಲಿ ತಡೆಯೋಕಾಗಲ್ಲ. ನೀನು ಮಾಡಿದ್ದನ್ನ ನನಗೂ ಹೇಳ್ಕೊಡಮ್ಮ."

ಮೇಡಂ ಒಪ್ಪಿದರು. ಬೆಲ್ಟನ್ನು ನಾನು ಕಟ್ಟಿಕೊಂಡು, ರೋಗಿಯ ಹಾಗೆ ಮಂಡಿ ಸಡಿಲ ಬಿಟ್ಟೆ. ಮೊದಲ ಸಲ ಆಕೆ ನನ್ನನ್ನು ದೊಪ್ಪನೆ ಕೆಡವಿ, ತಾವೇ ನಕ್ಕುಬಿಟ್ಟರು. ಮತ್ತೆ ಮತ್ತೆ ಪ್ರಯತ್ನಿಸಿ, ಕೊನೆಗೆ ನಿದ್ದೆ ಹೋದ ಮಗುವನ್ನು ಹಾಸಿಗೆಗೆ ಇಳಿಸುವ ಹಾಗೆ ಇಳಿಸಿದರು. ನೆಲದ ಮೇಲೆ ಕೂತೇ ಇದ್ದೆ, ಏಳುವ ಮನಸ್ಸಾಗಲಿಲ್ಲ. ನನ್ನನ್ನು ಯಾರಾದರೂ ಹಾಗೆ ಜೋಪಾನವಾಗಿ ಹಿಡಿದುಕೊಂಡು ಎಷ್ಟು ವರ್ಷವಾಗಿತ್ತೋ.

ಸೊಂಟ ನೋಯುತ್ತಿದೆ. ಮಲಗುತ್ತೇನೆ.