ಮೇಷ್ಟ್ರು ಹಾಕದ ಸಹಿ

ಹ್ಯಾರೋಬ್ರೂಕ್, ಮ್ಯಾಸಚೂಸೆಟ್ಸ್
೧೭೮೩ನೆಯ ಇಸವಿ ಜೂನ್ ೪, ಬುಧವಾರ

ಪ್ರೀತಿಯ ಅಪ್ಪಾ,

ಹೇಗಿದ್ದೀರಿ? ಹ್ಯಾಲಿಫ್ಯಾಕ್ಸಿನಲ್ಲಿ ಈ ಸಲ ಏಪ್ರಿಲ್ ಮುಗಿದರೂ ಚಳಿ ಬಿಟ್ಟಿರಲಿಲ್ಲವೆಂದು ಮೀನಿನ ಹಡಗಿನವರು ಹೇಳಿದರು. ಕೆಮ್ಮು ಕಡಿಮೆಯಾಗಿದೆಯೇ? ಕನ್ನಡಕದ ಒಂದು ಗಾಜು ಬಿರುಕು ಬಿಟ್ಟಿದೆ ಎಂದು ಹಿಂದಿನ ಕಾಗದದಲ್ಲಿ ಬರೆದಿದ್ದಿರಿ. ಬೇರೆ ಹಾಕಿಸಿದಿರೋ, ಇಲ್ಲ ಒಂದೇ ಕಣ್ಣಲ್ಲಿ ಓದಿ ಇನ್ನೊಂದನ್ನೂ ಕೆಡಿಸಿಕೊಳ್ಳುತ್ತಿದ್ದೀರೋ? ನಿಮ್ಮನ್ನು ಬಲ್ಲ ನನಗೆ ಉತ್ತರ ಗೊತ್ತು. ಆ ಕಾಗದ ನನ್ನ ಕೈ ಸೇರಿದ್ದು ಏಳು ತಿಂಗಳ ಮೇಲೆ, ಉಪ್ಪುನೀರಿನಲ್ಲಿ ಅರ್ಧ ಅಳಿಸಿಹೋಗಿ. ನೀವು ಊರು ಬಿಟ್ಟು ಒಂಬತ್ತು ವರ್ಷವಾಗುತ್ತಾ ಬಂತು. ಬಂದದ್ದು ನಾಲ್ಕೇ ಕಾಗದ. ಅಳಿಸಿಹೋದ ಸಾಲುಗಳಲ್ಲಿ ನೀವು ಏನು ಬರೆದಿರಬಹುದೆಂದು ಪಾತ್ರೆ ತೊಳೆಯುವಾಗ, ನೂಲು ತೆಗೆಯುವಾಗ ಯೋಚಿಸುತ್ತಿರುತ್ತೇನೆ. ಒಂದೊಂದು ದಿನ ಒಂದೊಂದು ಥರ ತುಂಬಿಸಿಕೊಳ್ಳುತ್ತೇನೆ. ಮನಸ್ಸು ಚೆನ್ನಾಗಿದ್ದ ದಿನ ಅಲ್ಲಿ ನನ್ನ ಹೆಸರಿರುತ್ತದೆ.

ನಾವೆಲ್ಲ ಆರೋಗ್ಯ. ಮಗನಿಗೆ ಐದು ತುಂಬಿತು, ಮಗಳು ಮಾತು ಕಲಿಯುತ್ತಿದ್ದಾಳೆ. ಅಬ್ನರನ ಹೆಗಲಿಗೆ ಗುಂಡು ತಾಗಿದ ಜಾಗ ಮಳೆ ಹಿಡಿದಾಗ ಸೆಳೆಯುತ್ತದೆ, ಆದರೂ ಪೀಪಾಯಿ ಕೆಲಸ ನಿಲ್ಲಿಸಿಲ್ಲ. ಅವನನ್ನು ಮದುವೆಯಾಗಿದ್ದೇನೆ ಎಂದು ಆರು ವರ್ಷದ ಹಿಂದೆ ಬರೆದೆ. ನೀವು ಅದಕ್ಕೆ ಒಳ್ಳೆಯದೂ ಬರೆಯಲಿಲ್ಲ, ಕೆಟ್ಟದ್ದೂ ಬರೆಯಲಿಲ್ಲ. ಆ ಸಾಲೂ ಉಪ್ಪುನೀರಿನ ಪಾಲಾಯಿತೆಂದೇ ನಂಬಿಕೊಂಡಿದ್ದೇನೆ. ಈ ವರ್ಷ ಹಿತ್ತಲಿನ ಸೇಬಿನ ಮರ ಮೈತುಂಬ ಹೂ ಬಿಟ್ಟಿತ್ತು. ನಾನು ಸೇಬು ಹೆಚ್ಚಲು ಕೂತರೆ ನೀವು ಪುಸ್ತಕ ಹಿಡಿದು ಎದುರಿಗೆ ಬಂದು ಕೂರುತ್ತಿದ್ದಿರಿ. ಒಂದನ್ನೂ ಹೆಚ್ಚಿಕೊಡುತ್ತಿರಲಿಲ್ಲ, ಓದುತ್ತ ಓದುತ್ತ ಅರ್ಧ ಬುಟ್ಟಿ ಖಾಲಿ ಮಾಡುತ್ತಿದ್ದಿರಿ. ಆಗ ಬೈಯುತ್ತಿದ್ದೆ. ಈಗ ಹೆಚ್ಚಿದ್ದೆಲ್ಲ ಪೂರ್ತಿ ಉಳಿಯುತ್ತದೆ.

ಯುದ್ಧ ಮುಗಿದ ಸುದ್ದಿ ಏಪ್ರಿಲಿನಲ್ಲಿ ಬಂತು. ಪ್ರಾರ್ಥನಾ ಮಂದಿರದ ಗಂಟೆಯನ್ನು ಮಧ್ಯಾಹ್ನದವರೆಗೂ ಬಾರಿಸಿದರು. ಜನ ಒಬ್ಬರನ್ನೊಬ್ಬರು ಅಪ್ಪಿಕೊಂಡರು, ಅತ್ತರು. ನನ್ನ ತಲೆಯಲ್ಲಿ ಇದ್ದದ್ದು ಒಂದೇ: ಇನ್ನು ಹಡಗುಗಳು ಓಡಾಡುತ್ತವೆ. ಆದರೆ ವಾರ ಕಳೆಯುವುದರೊಳಗೆ ಅಕ್ಕಪಕ್ಕದ ಊರುಗಳಲ್ಲಿ ಬೇರೆ ಮಾತು ಎದ್ದಿತು. ದೊರೆಯ ದಂಡಿನ ಜೊತೆ ಹೋದವರನ್ನು ಮತ್ತೆ ಸೇರಿಸಕೂಡದು ಎಂಬ ಮಾತು. ನಮ್ಮಲ್ಲೂ ಮೇ ೨೬ರ ಸೋಮವಾರ ಊರಸಭೆ ಕರೆದರು. ಅಲ್ಲಿ ಚರ್ಚೆಗೆ ಬಂದ ಹೆಸರುಗಳಲ್ಲಿ ಮೊದಲನೆಯದು ನಿಮ್ಮದು, ಜೋಥಮ್ ವಿಂಚೆಲ್, ಹಿಂದೆ ಈ ಊರಿನ ಮೇಷ್ಟ್ರು.

ಆ ಸಭೆಯಲ್ಲಿ ಅಬ್ನರ್ ಎದ್ದು ನಿಂತ. ಅವನು ಏನು ಹೇಳಿದ ಎಂಬುದನ್ನು ಒಂದಕ್ಷರ ಬಿಡದೆ ನಿಮಗೆ ತಿಳಿಸಬೇಕು, ಅದಕ್ಕೇ ಈ ಕಾಗದ. ನಾನು ಸಭೆ ನಡೆದ ಮಂದಿರದ ಹೊರಗೆ, ಕಿಟಕಿಯ ಕೆಳಗೆ ಉಳಿದ ಹೆಂಗಸರ ಜೊತೆ ನಿಂತಿದ್ದೆ. ಓಟಿಗೆ ನಮ್ಮ ಕೈಯನ್ನೂ ಎತ್ತಿಸಲು ಇನ್ನೂ ಯಾರಿಗೂ ಹೊಳೆದಿಲ್ಲ. ಅದನ್ನು ಯಾವತ್ತಾದರೂ ಬಿಡುವಿನಲ್ಲಿ ನಿಮ್ಮ ಜೊತೆ ಜಗಳ ಆಡಿಯೇ ಆಡುತ್ತೇನೆ.

ಅಬ್ನರ್ ಶುರು ಮಾಡಿದ್ದು ಶಾಲೆಯಿಂದ. "ಕಾಗದಪತ್ರಕ್ಕೆಲ್ಲ ಮುದ್ರೆ ತೆರಿಗೆ ಹಾಕಿದ ವರ್ಷ ನಿಮಗೆಲ್ಲ ನೆನಪಿದೆಯಲ್ಲ, ನನಗಾಗ ಹನ್ನೆರಡು ವರ್ಷ," ಎಂದ. ಕಿಟಕಿಯ ಕೆಳಗೆ ನಿಂತ ನನಗೂ ಆ ಬೆಳಿಗ್ಗೆ ಕಣ್ಣಿಗೆ ಕಟ್ಟಿತು. ನಾನಾಗ ಹಿಂದಿನ ಬೆಂಚಿನಲ್ಲಿ ಕೂತು ಕಾಲುಚೀಲ ಹೆಣೆಯುತ್ತಿದ್ದೆ. ನೀವು ಬೆತ್ತವನ್ನು ಮೇಜಿನ ಮೇಲಿಟ್ಟು ಕೇಳಿದಿರಿ, "ನನ್ನ ಮಾತು ಯಾಕ್ರೋ ಕೇಳ್ತೀರಿ ನೀವೆಲ್ಲ?" ಅಬ್ನರ್ ಥಟ್ಟನೆ, "ಬೆತ್ತ ಇದೆಯಲ್ಲ ಮೇಷ್ಟ್ರೇ" ಎಂದುಬಿಟ್ಟ. ನೀವು ಬೆತ್ತ ಎತ್ತಿ ಒಲೆಗೆ ಹಾಕಿದಿರಿ. "ಈಗ?" ಎಂದಿರಿ. ಅವನು ತುಂಬ ಹೊತ್ತು ತಲೆ ಕೆರೆದುಕೊಂಡು, "ನೀವು ಲೆಕ್ಕ ಸರಿಯಾಗಿ ಹೇಳ್ಕೊಡ್ತೀರಿ, ಅದಕ್ಕೆ" ಎಂದ. "ನಾಳೆಯಿಂದ ತಪ್ಪು ತಪ್ಪು ಹೇಳ್ಕೊಟ್ರೆ?" "ಆಗ ಊರಸಭೇಲಿ ಹೇಳಿಸಿ ಬೇರೆ ಮೇಷ್ಟ್ರನ್ನ ತರಿಸ್ತೀವಿ." ನೀವು ನಕ್ಕ ನಗೆಗೆ ಕಿಟಕಿಯ ಹಿಮ ಉದುರಿತು. ಅವತ್ತು ಲೆಕ್ಕದ ಪಾಠ ಆಗಲೇ ಇಲ್ಲ. ಯಾವನೂ ತಲೆಯ ಮೇಲೆ ಕಿರೀಟ ಇಟ್ಟುಕೊಂಡು ಹುಟ್ಟುವುದಿಲ್ಲ. ಜನ ತಮ್ಮ ಪ್ರಾಣ, ಮನೆ, ಹೊಲ ಕಾಯಲೆಂದು ಒಬ್ಬನ ಕೈಗೆ ಅಧಿಕಾರ ಕೊಡುತ್ತಾರೆ. ಕೊಟ್ಟ ಅಧಿಕಾರ ಕೊಟ್ಟವರ ಮೇಲೇ ತಿರುಗಿದರೆ ವಾಪಸು ತೆಗೆದುಕೊಳ್ಳುವ ಹಕ್ಕೂ ಅವರದೇ ಎಂದು ಮಧ್ಯಾಹ್ನದವರೆಗೆ ಹೇಳಿದಿರಿ. ಸಮುದ್ರದಾಚೆಯ ಆ ಪಾರ್ಲಿಮೆಂಟಿನಲ್ಲಿ ನಮ್ಮ ಕಡೆಯವನು ಒಬ್ಬನೂ ಕೂತಿಲ್ಲ, ನಮ್ಮನ್ನು ಒಂದು ಮಾತೂ ಕೇಳದೆ ಹಾಕಿದ ತೆರಿಗೆ ತೆರಿಗೆಯಲ್ಲ, ಕಿತ್ತುಕೊಳ್ಳುವುದು ಎಂದಿರಿ. ಹೊಸ ಮಾತೇನೂ ಅಲ್ಲ, ನಮ್ಮ ಅಜ್ಜಂದಿರು ಪಾದ್ರಿಯನ್ನೇ ಓಟು ಹಾಕಿ ಆರಿಸಿಕೊಂಡವರು, ಬೀದಿ ಹಂದಿ ಹಿಡಿಯುವವನನ್ನೂ ಕೈ ಎತ್ತಿ ಆರಿಸುವ ಊರು ಇದು ಎಂದಿರಿ. ಮುದ್ರೆ ತೆರಿಗೆಯ ವಿರುದ್ಧ ಊರಿನ ಪರವಾಗಿ ಅರ್ಜಿ ಬರೆದವರೂ ನೀವೇ.

"ಆ ಪಾಠ ಕೇಳಿದ ಹುಡುಗರೇ ಒಂಬತ್ತು ವರ್ಷ ಆದ್ಮೇಲೆ ಅವರ ಬಾಗಿಲು ಬಡಿದದ್ದು," ಎಂದ ಅಬ್ನರ್. "ಮುಂದೆ ನಿಂತವನು ನಾನೇ."

ಅಪ್ಪಾ, ಅದು ನೀವು ಊರು ಬಿಟ್ಟ ವರ್ಷದ ಆಗಸ್ಟ್ ಎಂದು ನಿಮಗೆ ಹೇಳಬೇಕಾಗಿಲ್ಲ. ಬಾಸ್ಟನ್ನಿನ ಬಂದರು ಮುಚ್ಚಿದ್ದರು. ಗವರ್ನರನ ಅಪ್ಪಣೆಯಿಲ್ಲದೆ ಊರಸಭೆಯನ್ನೇ ಕರೆಯಕೂಡದೆಂದು ಕಾನೂನು ತಂದಿದ್ದರು. ಚಹಾದ ತೆರಿಗೆಯ ಮಾತಿಗೆ ಉಗುರು ಕಚ್ಚಿಕೊಂಡು ಕೂತಿದ್ದ ನಮ್ಮ ರೈತರು ಸಭೆಗೆ ಕೈ ಹಾಕಿದ ಮೇಲೆ ಕೂರಲಿಲ್ಲ. ಭಾನುವಾರ ಪ್ರಾರ್ಥನೆ ಮುಗಿಸಿ ನೇರ ನಮ್ಮ ಅಂಗಳಕ್ಕೆ ಬಂದರು, ಮೂವತ್ತು ಜನ. ಇಂಗ್ಲೆಂಡಿನ ಸಾಮಾನು ಕೊಳ್ಳುವುದಿಲ್ಲ, ಕೊಳ್ಳುವವರ ಜೊತೆ ವ್ಯವಹಾರ ಮಾಡುವುದಿಲ್ಲ ಎಂಬ ಕಾಗದ ಅಬ್ನರನ ಕೈಯಲ್ಲಿತ್ತು. ಹಿಂದಿದ್ದವರ ಕೈಯಲ್ಲಿ ದೊಣ್ಣೆ. ನೀವು ಕಾಗದವನ್ನು ಎರಡು ಸಲ ಓದಿದಿರಿ, ಎರಡು ಕಡೆ ಕಾಗುಣಿತ ತಿದ್ದಿದಿರಿ. ಆಮೇಲೆ ಹೇಳಿದಿರಿ: "ಇದರಲ್ಲಿ ಬರೆದಿರೋದೆಲ್ಲ ಸರಿ ಕಣೋ. ನಾನು ಚಹಾ ಬಿಟ್ಟು ನಾಲ್ಕು ವರ್ಷ ಆಯ್ತು, ನಿನ್ನ ಹಿಂದೆ ನಿಂತಿರೋ ಅರ್ಧ ಜನ ಮೊನ್ನೆವರೆಗೂ ಕುಡೀತಿದ್ರು. ಆದ್ರೆ ದೊಣ್ಣೆ ತೋರಿಸಿ ತಗೊಂಡದ್ದಕ್ಕೆ ಒಪ್ಪಿಗೆ ಅನ್ನೋ ಹೆಸರು ಇಡಬೇಡ. ನಾಳೆ ಒಬ್ಬನೇ ಬಾ. ಸಹಿ ಹಾಕ್ತೀನಿ."

ಅಬ್ನರ್ ಮರುದಿನ ಬರಲಿಲ್ಲ. ಯಾಕೆ ಎಂದು ಸಭೆಯಲ್ಲಿ ಎಲ್ಲರೆದುರು ಹೇಳಿದ. "ಹೋಗೋಕೆ ಅಂಗಿ ಹಾಕ್ಕೊಂಡಿದ್ದೆ. ಒಬ್ಬನೇ ಹೋದ್ರೆ ನನ್ನನ್ನೂ ದೊರೆ ಕಡೆಯವನು ಅಂತಾರೆ ಅಂತ ಹೆದರಿಕೆ ಆಯ್ತು. ಮೂವತ್ತು ಜನರ ಜೊತೆ ಬಾಗಿಲು ಬಡಿಯೋಕೆ ಧೈರ್ಯ ಇತ್ತು, ಒಬ್ಬನೇ ಬಡಿಯೋಕೆ ಇರಲಿಲ್ಲ. ನಾನು ಹೋಗಿದ್ದಿದ್ರೆ ಅವರು ಸಹಿ ಹಾಕ್ತಿದ್ರು. ಕಿಟಕಿ ಒಡೀತಿರಲಿಲ್ಲ, ಶಾಲೆ ಮುಚ್ತಿರಲಿಲ್ಲ, ಅವರು ಬಾಸ್ಟನ್‌ನಲ್ಲಿದ್ದ ದೊರೆ ದಂಡಿನ ಆಸರೆಗೆ ಹೋಗ್ತಿರಲಿಲ್ಲ. ಅವರನ್ನ ದೊರೆಯ ಹಡಗು ಹತ್ತಿಸಿದವನು ದೊರೆಯಲ್ಲ, ನಾನು."

ಅಪ್ಪಾ, ಇದು ನನಗೆ ಗೊತ್ತಿತ್ತು. ನೀವು ಹೋದ ಮೇಲೆ ಒಂದೂವರೆ ವರ್ಷ ನಾನು ಅವನ ಮುಖ ನೋಡಲಿಲ್ಲ. ಆಮೇಲೊಂದು ದಿನ ಬೇಲಿಯಾಚೆ ನಿಂತು ಇದನ್ನೇ ಹೇಳಿದ್ದ, ಟೋಪಿಯನ್ನು ಕೈಯಲ್ಲಿ ಹಿಂಡುತ್ತ. ಬಾಸ್ಟನ್ನಿನಿಂದ ನಿಮ್ಮ ಹಡಗು ಹೊರಟಿತೆಂಬ ಸುದ್ದಿ ಬಂದ ವಾರವದು. ಊರಿನಲ್ಲಿ ನಿಮ್ಮ ಹೆಸರನ್ನು ಬೈಗುಳವಿಲ್ಲದೆ ಹೇಳುತ್ತಿದ್ದವನು ಅವನೊಬ್ಬನೇ. ನಿಮಗಾಗಿ ಅಳಲು ಜೊತೆಗೆ ಬೇರೆ ಯಾರಿದ್ದರು ನನಗೆ? ಮದುವೆಯ ಬಗ್ಗೆ ಇದಕ್ಕಿಂತ ಹೆಚ್ಚು ಸಮರ್ಥನೆ ನನ್ನ ಹತ್ತಿರ ಇಲ್ಲ. ನೀವು ನನ್ನ ಮೇಲೆ ಸಿಟ್ಟಾಗಿದ್ದರೆ ಸಿಟ್ಟಾಗಿದ್ದೀರೆಂದೇ ಬರೆಯಬಹುದಿತ್ತು. ಅದನ್ನೂ ಮಡಿಚಿ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುತ್ತಿದ್ದೆ.

ಅಬ್ನರ್ ಕೂತ ಮೇಲೆ ಹಿಟ್ಟಿನ ಗಿರಣಿಯ ಎಲಿಫಲೆಟ್ ಸ್ಟೋ ಎದ್ದರು. ಅವರ ಇಬ್ಬರು ಮಕ್ಕಳು, ಎನಾಕ್ ಮತ್ತು ಜೇಬೆಜ್, ನಿಮ್ಮ ಶಾಲೆಯವರೇ. ಯುದ್ಧದ ಮೊದಲ ಬೇಸಿಗೆಯಲ್ಲೇ ಎನಾಕ್ ಗುಂಡು ತಗುಲಿ ಹೋದ. ಚಿಕ್ಕವನು ನ್ಯೂಯಾರ್ಕಿನ ಸೆರೆ ಹಡಗಿನಲ್ಲಿ ಜ್ವರ ಬಂದು ಸತ್ತ, ಹೆಣವೂ ಬರಲಿಲ್ಲ. ಇದನ್ನು ನಿಮಗೆ ತಿಳಿಸುವವರು ಯಾರೂ ಇರಲಿಲ್ಲವೇನೋ. ತಡವಾಗಿ, ಹೀಗೆ ಕಾಗದದ ನಡುವೆ ತಿಳಿಸುತ್ತಿರುವುದಕ್ಕೆ ಕ್ಷಮಿಸಿ. ಸ್ಟೋ ಕೂಗಾಡಲಿಲ್ಲ. "ನನ್ನ ಹುಡುಗ್ರೂ ಅದೇ ಪಾಠ ಕೇಳಿದ್ರು," ಎಂದರು. "ಮೇಷ್ಟ್ರ ಮಾತು ನಂಬಿ ಅವರು ಮಣ್ಣಿಗೆ ಹೋದ್ರು. ಆ ಮಾತು ಹೇಳ್ಕೊಟ್ಟವರು ದೊರೆಯ ದಂಡಿನ ಕಚೇರೀಲಿ ಗುಮಾಸ್ತಿಕೆ ಮಾಡ್ಕೊಂಡು ಬಿಸಿ ಸೂಪು ಕುಡಿದ್ರು. ಯಾರ ಕೈಯಲ್ಲಿ ದೊಣ್ಣೆ ಇತ್ತು, ಯಾರ ಕೈಯಲ್ಲಿ ಇರಲಿಲ್ಲ, ಅದೆಲ್ಲ ನನಗೆ ಬೇಡ. ನನ್ನ ಮನೇಲಿ ಎರಡು ಹಾಸಿಗೆ ಖಾಲಿ."

ಗುಮಾಸ್ತಿಕೆಯ ಮಾತು ನಿಜವೇ ಅಪ್ಪಾ? ಹೊಟ್ಟೆಪಾಡಿಗೆ ಮಾಡಿದಿರಿ ಎಂದಾದರೆ ನನಗೆ ಅರ್ಥವಾಗುತ್ತದೆ. ಮುತ್ತಿಗೆ ಬಿದ್ದ ಬಾಸ್ಟನ್ನಿನಲ್ಲಿ ಅರವತ್ತರ ಹತ್ತಿರದ ಮನುಷ್ಯ ಅಕ್ಷರ ಬಿಟ್ಟು ಇನ್ನೇನು ಮಾರಿಯಾನು? ಆದರೆ ನಿಮ್ಮ ಬಾಯಿಂದ ಕೇಳಬೇಕು. ಬೇರೆಯವರ ಮಾತಿಗೆ ಇಲ್ಲ ಎನ್ನಲೂ ಆಗದೆ, ಹೌದು ಎನ್ನಲೂ ಆಗದೆ ಒಂಬತ್ತು ವರ್ಷ ತಲೆ ತಗ್ಗಿಸಿ ನೀರು ತಂದಿದ್ದೇನೆ.

ಕಡೆಗೆ ಕೈ ಎತ್ತಿಸಿದರು. ಹೋದವರು ಯಾರೂ ಬರಕೂಡದೆಂಬ ನಿರ್ಣಯ ಆರು ಕೈಗಳ ಅಂತರದಲ್ಲಿ ಬಿದ್ದುಹೋಯಿತು. ಅದರ ಬದಲು, ಒಬ್ಬೊಬ್ಬರ ವಿಚಾರವನ್ನೂ ಬೇರೆ ಬೇರೆಯಾಗಿ ಕೇಳುವುದೆಂದೂ, ನಿಮ್ಮದನ್ನು ಸೆಪ್ಟೆಂಬರಿನ ಸಭೆಯಲ್ಲಿ ತೀರ್ಮಾನಿಸುವುದೆಂದೂ ಆಯಿತು. ಅದಕ್ಕೆ ಮೊದಲು ನೀವು ಒಂದು ಕಾಗದಕ್ಕೆ ಸಹಿ ಹಾಕಿ ಕಳಿಸಬೇಕಂತೆ: ದೊರೆಯ ಋಣ ನನ್ನ ಮೇಲಿಲ್ಲ, ಈ ರಾಜ್ಯದ ಜನ ಆರಿಸಿದ ಸರ್ಕಾರವೇ ನನ್ನ ಸರ್ಕಾರ ಎಂದು. ಅದನ್ನು ಇದರ ಜೊತೆ ಇಟ್ಟಿದ್ದೇನೆ. ಕಾಗುಣಿತ ಅಬ್ನರನೇ ನೋಡಿದ್ದಾನೆ, ಆದ್ದರಿಂದ ತಪ್ಪಿದ್ದೇ ಇರುತ್ತದೆ.

ಹಾಕಿ ಎಂದು ನಾನು ಬೇಡುವುದಿಲ್ಲ. ಬೇಡಬಾರದೆಂದು ಮೂರು ದಿನದಿಂದ ಕೈ ಕಟ್ಟಿಕೊಂಡು ಕೂತಿದ್ದೇನೆ. ಮಗಳ ಕಣ್ಣೀರೂ ಒಂದು ಥರದ ದೊಣ್ಣೆಯೇ, ಅದು ನನಗೆ ಗೊತ್ತು. ನಿಮಗೆ ಅದರಲ್ಲಿ ಬರೆದದ್ದು ನಿಜವೆನಿಸಿದರೆ ಹಾಕಿ. ಇಲ್ಲವೆನಿಸಿದರೆ ಹಾಗೇ ವಾಪಸು ಕಳಿಸಿ, ಕಾಗುಣಿತ ತಿದ್ದಿ. ಆದರೆ ಒಂದು ಮಾತ್ರ ಹೇಳಿಬಿಡುತ್ತೇನೆ. ಮೊನ್ನೆ ಸಂತೆಯ ದಾರಿಯಲ್ಲಿ ಬೂದು ಕೋಟಿನ ಮುದುಕರೊಬ್ಬರು ಕೈ ಹಿಂದೆ ಕಟ್ಟಿಕೊಂಡು ನಿಮ್ಮ ಹಾಗೇ ತುಸು ಬಗ್ಗಿ ನಡೆಯುತ್ತಿದ್ದರು. ಬೆಣ್ಣೆಯ ಬುಟ್ಟಿ ಹೊತ್ತುಕೊಂಡೇ ಅವರ ಹಿಂದೆ ಅರ್ಧ ಮೈಲಿ ಹೋದೆ. ಮುಂದೆ ಹೋಗಿ ಮುಖ ನೋಡುವ ಮನಸ್ಸಾಗಲಿಲ್ಲ. ಅವರು ಸೇತುವೆ ದಾಟಿ ತಿರುಗಿಕೊಂಡ ಮೇಲೆ ಹಿಂದಕ್ಕೆ ಬಂದೆ.

ಅಬ್ನರ್ ತಲೆ ಬಾಗಿ ನಮಸ್ಕಾರ ಹೇಳುತ್ತಾನೆ. ಅದಕ್ಕಿಂತ ಹೆಚ್ಚು ಬರೆಯಲು ಅವನಿಗೆ ನಾಚಿಕೆ. ಮಕ್ಕಳು ಕಂಡೇ ಇರದ ತಾತನಿಗೆ ಮುತ್ತು ಕಳಿಸಿದ್ದಾರೆ. ಕೆಮ್ಮಿಗೆ ಜೇನು ಬಿಸಿ ಮಾಡಿ ಕುಡಿಯಿರಿ, ಒದ್ದೆ ಕಾಲುಚೀಲದಲ್ಲಿ ಓದುತ್ತ ಕೂರಬೇಡಿ. ಸಮುದ್ರದ ಆ ದಡದಲ್ಲೂ ದೇವರು ನಿಮ್ಮ ಜೊತೆಗಿರಲಿ.

ನಿಮ್ಮ ಮಗಳು,
ಲೋಯಿಸ್

ತಾ.ಕ.: ಹಡಗಿಗೆ ಕಾಗದ ಒಯ್ಯುವ ಗಾಡಿ ಬಾಗಿಲಲ್ಲಿ ನಿಂತಿದೆ, ಅಕ್ಷರ ಕೆಟ್ಟರೆ ಬೈಯಬೇಡಿ. ಈಗಷ್ಟೇ ಸ್ಟೋ ಹಿತ್ತಲ ಬಾಗಿಲಿಗೆ ಬಂದಿದ್ದರು. ಒಳಗೆ ಬನ್ನಿ ಎಂದರೆ ಬರಲಿಲ್ಲ. "ನಿಮ್ಮಪ್ಪನಿಗೆ ಬರೀತಿದ್ದೀಯಂತೆ," ಎಂದರು. "ಸೆಪ್ಟೆಂಬರ್‌ನಲ್ಲಿ ನಾನು ಕೈ ಎತ್ತಲ್ಲ, ಆ ಕಡೆಗೂ ಇಲ್ಲ, ಈ ಕಡೆಗೂ ಇಲ್ಲ. ಸಹಿ ಗಿಹಿ ಎಲ್ಲ ಊರಿನವರಿಗಿರಲಿ. ನಾನು ಬೆಳಿಗ್ಗೆ ಎದ್ರೆ ಗಿರಣಿಗೆ ಹೋಗ್ತಿದ್ದೆ ಕಣಮ್ಮ. ಹುಡುಗ್ರು ಬೆಳೆದದ್ದೆಲ್ಲ ಮೇಷ್ಟ್ರ ಕಣ್ಣೆದುರಿಗೆ. ಜೇಬೆಜ್ ಹೇಗೆ ನಗ್ತಿದ್ದ ಅಂತ ನೆನಪು ಮಾಡ್ಕೊಳ್ಳೋಕೆ ಹೋದ್ರೆ ಬರೋದೇ ಇಲ್ಲ. ಅವರಮ್ಮ ಇದ್ದಿದ್ರೆ ಅವಳನ್ನ ಕೇಳ್ತಿದ್ದೆ. ಮೇಷ್ಟ್ರಿಗೆ ಏನಾದ್ರೂ ನೆನಪಿದ್ರೆ ಎರಡು ಸಾಲು ಬರೆದು ಕಳಿಸೋಕೆ ಹೇಳ್ತೀಯಾ? ನೀನು ನನಗೆ ಓದಿ ಹೇಳಿದ್ರೆ ಸಾಕು." ಹೇಳುತ್ತೇನೆ ಎಂದೆ. ಹೇಳಿದ್ದೇನೆ. ಆದರೆ ಅಪ್ಪಾ, ದಯವಿಟ್ಟು ಬರೆದು ಕಳಿಸಬೇಡಿ. ಬಂದು ಅವರಿಗೆ ನೀವೇ ಹೇಳಿ.