ಮಿಶ್ರಿ ಮತ್ತು ಮೂವತ್ತೆರಡು ಉಲ್ಲೇಖಗಳು

ನಿಪ್ಪಾಣಿ, ೧೪ ಆಗಸ್ಟ್ ೧೯೯೧, ಬುಧವಾರ

ನಾನು ಸಹಾಯಕನಾಗಿರುವ ಡಾಕ್ಟರರ ಬಡ್ತಿಗಾಗಿ ಅವರ ಪ್ರಬಂಧಗಳ ಪಟ್ಟಿ ಟೈಪ್ ಮಾಡಿದೆ. ಬೀಡಿ ಕಟ್ಟುವ ಹೆಂಗಸರ ಬಾಯಿಹುಣ್ಣಿಗೂ ತಂಬಾಕು ಸೇವನೆಗೂ ಸಂಬಂಧವಿಲ್ಲ ಎಂಬ ಪ್ರಬಂಧವನ್ನು ಮೂವತ್ತೆರಡು ಸಂಶೋಧಕರು ಉಲ್ಲೇಖಿಸಿದ್ದಾರಂತೆ. ಅದಕ್ಕಾಗಿ ಮನೆಮನೆ ತಿರುಗಿ ಪ್ರಶ್ನೆ ಕೇಳಿದವನು ನಾನು. ‘ತಂಬಾಕು ತಿಂತೀಯೇನ ಯವ್ವಾ?’ ಎಂದರೆ ಬೀಡಿ ಕಟ್ಟುವ ಸತ್ತೆವ್ವ, ‘ಛೀ, ಅದು ಗಂಡಸರ ಚಟ’ ಎನ್ನುತ್ತಲೇ ಸುಟ್ಟ ತಂಬಾಕಿನ ಮಿಶ್ರಿಯಿಂದ ಹಲ್ಲು ತಿಕ್ಕುತ್ತಿದ್ದಳು. ಎಲ್ಲರೂ ಹಾಗೆಯೇ. ಸಂಕೋಚದಿಂದ ‘ಇಲ್ಲ’ ಎಂದೇ ಬರೆದುಕೊಂಡೆ.

ಇವತ್ತು ಅದನ್ನೆಲ್ಲ ಹೇಳಿಬಿಟ್ಟೆ. ಡಾಕ್ಟರು ನಕ್ಕರು: ‘ಮೂವತ್ತೆರಡು ಮಂದಿ ಒಪ್ಯಾರ. ಕನ್ನಡ ಬಿ.ಎ. ಓದಿದಾವ ನೀ ಒಪ್ಪಂಗಿಲ್ಲೇನಲೇ?’

ಸಂಜೆ ಸತ್ತೆವ್ವನ ಮನೆಗೆ ಹೋದೆ. ಬಾಯಿಹುಣ್ಣು ಅವಳ ಕೆನ್ನೆಯನ್ನೇ ತೂತು ಮಾಡಿದೆ. ನೋವಿಗೆಂದು ಮಿಶ್ರಿಯನ್ನೇ ಒತ್ತಿಕೊಂಡಿದ್ದಳು. ‘ಅದೂ ತಂಬಾಕ ಐತಿ ಯವ್ವಾ, ಬಿಡ’ ಎಂದೆ.

‘ಆವತ್ತ ಬರಕೊಳ್ಳುವಾಗ ಯಾಕ ಹೇಳಲಿಲ್ಲೋ ತಮ್ಮಾ?’ ಎಂದಳು.