ದರ್ಶನ ಆದಮೇಲೆ ನೇರ ಮನೆಗೆ

ಜನವರಿ 6, ಸೋಮವಾರ

ಇನ್ನೂ ನಾಲ್ಕು ಬ್ಲೌಸಿಗೆ ಹುಕ್ಸ್ ಹಾಕಬೇಕು. ಆರ್‌ಪಿಸಿ ಲೇಔಟಿನ ಮದುವೆ ಮನೆಯವರದು. ನಾಳೆಯೇ ಬೇಕಂತೆ. ಎಲ್ಲರಿಗೂ ನಾಳೆಯೇ ಬೇಕು. ಬೆನ್ನು ಹಿಡಿದುಕೊಂಡಿದೆ.

ಮಿಷನ್ ಮುಂದೆ ಕೂತಿದ್ದಾಗಲೇ ತೀರ್ಮಾನ ಮಾಡಿದೆ. ಗೋಕರ್ಣಕ್ಕೆ ಹೋಗುತ್ತೇನೆ. ದೇವರಿಗಲ್ಲ, ಸಮುದ್ರಕ್ಕೆ. ಎರಡು ದಿನ ಸಾಕು. ನೀರಿನಲ್ಲಿ ಕಾಲಿಟ್ಟು ನಿಲ್ಲಬೇಕು. ಹಿಂದಿನಿಂದ ಯಾರೂ "ಗಾಡಿ ಹತ್ತು" ಅನ್ನಬಾರದು.

ಈ ವಯಸ್ಸಿನಲ್ಲಿ ಇದನ್ನು ಆಸೆ ಎಂದು ಬರೆಯಲು ನಾಚಿಕೆ. ಮದುವೆಯಾದಾಗಿನಿಂದ ಆ ಕಡೆ ಎಷ್ಟು ಸಲ ಹೋಗಿಲ್ಲ… ಮನೆಮಂದಿಯೆಲ್ಲ ಟಿಟಿ ವ್ಯಾನು ಮಾಡಿಕೊಂಡು. ಧರ್ಮಸ್ಥಳ, ಕುಕ್ಕೆ, ಕೊನೆಗೆ ಮುರುಡೇಶ್ವರ. ಅತ್ತೆಯದು ಒಂದೇ ನಿಯಮ — ದರ್ಶನ ಆದಮೇಲೆ ನೇರ ಮನೆಗೆ. ನಡುವೆ ಎಲ್ಲೂ ನಿಲ್ಲಬಾರದು. ನಿಂತರೆ ಪುಣ್ಯ ಅಲ್ಲೇ ಉಳಿದುಬಿಡುತ್ತದಂತೆ. ಸಮುದ್ರದ ಪಕ್ಕದಲ್ಲೇ ಕ್ಯೂ ನಿಂತು, ಸಮುದ್ರ ಮುಟ್ಟದೆ ಬಂದವರು ನಾವೇ ಇರಬೇಕು. ನಾನು ಯಜಮಾನರ ಮುಖ ನೋಡುತ್ತಿದ್ದೆ. "ಮುಂದಿನ ಸಲ ನೋಡೋಣ ಕಣೇ" ಅನ್ನುತ್ತಿದ್ದರು. ಪ್ರತಿ ಸಲವೂ ಅದೇ.

ಮುಂದಿನ ಸಲ ಬರುವ ಮೊದಲೇ, ಶ್ರಾವಣದಲ್ಲಿ, ಇವರೇ ಹೊರಟುಹೋದರು. ಪಾತ್ರೆ ಅಂಗಡಿಯಿಂದ ಬಂದು ನೀರು ಕೇಳಿದರು. ತರುವಷ್ಟರಲ್ಲಿ ಮುಗಿದಿತ್ತು. ಈಗಲೂ ಅಳು ಬರುತ್ತದೆ. ಜೊತೆಗೆ ಸಿಟ್ಟೂ ಬರುತ್ತದೆ. ಅಷ್ಟು ವರ್ಷದಲ್ಲಿ ಹೆಂಡತಿಗೋಸ್ಕರ ಒಂದು ಸಲ ಗಾಡಿ ನಿಲ್ಲಿಸಲು ಆಗಲಿಲ್ಲವೇ? ಸತ್ತವರ ಮೇಲೆ ಸಿಟ್ಟು ಮಾಡಿಕೊಂಡಿದ್ದೇನೆ ಎಂದು ಯಾರ ಹತ್ತಿರ ಹೇಳಲಿ.

ಜನವರಿ 9, ಗುರುವಾರ

ಬಾಯಿ ಬಿಟ್ಟು ಹೇಳಿದೆ. ಮಗಳು ಕವನಾ ಕುಣಿದಾಡಿದಳು. "ನಾನೂ ಬರ್ತೀನಮ್ಮ" ಎಂದು ಆಗಲೇ ಫೋನಿನಲ್ಲಿ ರೂಮು ಹುಡುಕತೊಡಗಿದಳು.

ಸಂಜೆ ಬ್ಯಾಡರಹಳ್ಳಿಯಿಂದ ಮೈದುನ ಬಂದರು. ಕಾಫಿ ಲೋಟ ಕೆಳಗಿಡುವ ಮೊದಲೇ ಶುರು.

"ಅತ್ತಿಗೆ, ಅಣ್ಣ ಹೋಗಿ ಇನ್ನೂ ವರ್ಷ ತುಂಬಿಲ್ಲ. ಸೂತಕದ ವರ್ಷ ಕ್ಷೇತ್ರಕ್ಕೆ ಹೋಗೋ ಹಾಗಿಲ್ಲ."

"ದೇವಸ್ಥಾನಕ್ಕೆ ಹೋಗಲ್ಲ ಯೋಗಾನಂದ. ಬೀಚಿಗೆ ಮಾತ್ರ."

"ಗೋಕರ್ಣ ಅಂದ್ರೆ ಊರೇ ಕ್ಷೇತ್ರ ಅತ್ತಿಗೆ. ಊರೊಳಗೆ ಕಾಲಿಟ್ರೆ ಆಯ್ತು, ದೇವಸ್ಥಾನಕ್ಕೆ ಹೋದ ಹಾಗೇ ಲೆಕ್ಕ."

ಅತ್ತೆ ಪಕ್ಕದಲ್ಲೇ ಕೂತು ಅವರೆಕಾಯಿ ಸುಲಿಯುತ್ತಿದ್ದರು. ತಲೆ ಎತ್ತಲಿಲ್ಲ. ಬೇಡ ಅಂದಿದ್ದರೆ ಜಗಳವಾದರೂ ಆಡಬಹುದಿತ್ತು. ಈ ಮನೆಯಲ್ಲಿ ಅತ್ತೆ ಹನುಮಕ್ಕನವರು ಹೂಂ ಅನ್ನದೆ ಯಾರೂ ಊರು ಬಿಟ್ಟಿದ್ದಿಲ್ಲ. ಇವರೂ ಬಿಟ್ಟಿರಲಿಲ್ಲ.

ಜನವರಿ 14, ಸಂಕ್ರಾಂತಿ

ಈ ವರ್ಷ ನಮಗೆ ಹಬ್ಬವಿಲ್ಲ. ಬೀದಿಯ ಹುಡುಗಿಯರು ಹೊಸ ಲಂಗ ಹಾಕಿಕೊಂಡು ಎಳ್ಳು ಬೀರಲು ಹೊರಟರು. ನಮ್ಮ ಗೇಟಿನ ಹತ್ತಿರ ಬಂದಾಗ ಒಬ್ಬಳು ಇನ್ನೊಬ್ಬಳ ಕೈ ಹಿಡಿದು ಮುಂದಕ್ಕೆ ಎಳೆದುಕೊಂಡು ಹೋದಳು. ತಪ್ಪೇನಲ್ಲ, ಮನೆಯಲ್ಲಿ ಹೇಳಿ ಕಳಿಸಿರುತ್ತಾರೆ. ಆದರೂ ಅವರು ತಿರುವು ದಾಟುವವರೆಗೂ ನೋಡುತ್ತಾ ನಿಂತೆ.

ಅದೇ ಹೊತ್ತಿಗೆ ಹೊಳೆಯಿತು. ಈ ವರ್ಷ ನನಗೆ ದೇವಸ್ಥಾನವಿಲ್ಲ. ದೇವಸ್ಥಾನವಿಲ್ಲದ ಮೇಲೆ ದರ್ಶನವಿಲ್ಲ. ದರ್ಶನವೇ ಇಲ್ಲದ ಮೇಲೆ ನೇರ ಮನೆಗೆ ಯಾಕೆ ಬರಬೇಕು? ಅತ್ತೆಯ ನಿಯಮ ನನ್ನನ್ನು ಬಿಟ್ಟಿರುವುದು ಈ ಒಂದು ವರ್ಷ ಮಾತ್ರ. ಶ್ರಾವಣದಲ್ಲಿ ವರ್ಷದ ತಿಥಿ ಮುಗಿದರೆ ಮತ್ತೆ ಟಿಟಿ, ಮತ್ತೆ ಕ್ಯೂ. ಹೋಗುವುದಿದ್ದರೆ ಈಗಲೇ ಹೋಗಬೇಕು.

ಕವನಾಳ ಫೋನಿನಲ್ಲಿ ಮ್ಯಾಪ್ ತೆಗೆಸಿದೆ. ಗೋಕರ್ಣದಿಂದ ಬೆರಳನ್ನು ಮೇಲಕ್ಕೆ ಜಾರಿಸಿದೆ. ಅಂಕೋಲಾ, ಕಾರವಾರ… ಆಮೇಲೆ ಗೋವಾ. ಪಾಲೋಲೆಮ್ ಅಂತ ಒಂದು ಊರು. ಅಲ್ಲಿಗೆ ಯಾರೂ ದೇವರ ಹೆಸರು ಹೇಳಿಕೊಂಡು ಹೋಗುವುದಿಲ್ಲವಂತೆ.

ಜನವರಿ 19, ಭಾನುವಾರ

ಯೋಗಾನಂದ ಕಾಫಿ ನುಂಗಲು ಒದ್ದಾಡಿದರು.

"ಗೋವಾನಾ? ಅತ್ತಿಗೆ, ಜನ ಅಲ್ಲಿಗೆ ಯಾಕೆ ಹೋಗ್ತಾರೆ ಅಂತ ಎಲ್ರಿಗೂ ಗೊತ್ತು."

"ಗೋಕರ್ಣ ಬೇಡ ಅಂದಿದ್ದು ನೀವೇ ಅಲ್ವಾ? ನಾನು ಸ್ವಲ್ಪ ಮುಂದಕ್ಕೆ ಹೋದೆ, ಅಷ್ಟೆ."

ಕವನಾ ನಗು ತಡೆಯಲಾರದೆ ಅಡುಗೆಮನೆಗೆ ಓಡಿದಳು. ಮೈದುನ ಅತ್ತೆಯ ಕಡೆ ನೋಡಿದರು. ಅತ್ತೆ ಎದ್ದು ದೇವರ ಕೋಣೆಗೆ ಹೋದರು. ಹೂಂ ಇಲ್ಲ, ಉಹೂಂ ಇಲ್ಲ.

ಬಸ್ಸು, ರೂಮು ಎರಡೂ ಬುಕ್ ಆಯಿತು. ಫೆಬ್ರವರಿ ಆರಕ್ಕೆ ಹೊರಡುವುದು.

ಜನವರಿ 28, ಮಂಗಳವಾರ

ಕವನಾಳ ಆಫೀಸಿನಲ್ಲಿ ಆಡಿಟ್. ರಜೆ ಕ್ಯಾನ್ಸಲ್. ಮುಖ ಸಪ್ಪಗೆ ಮಾಡಿಕೊಂಡು ಬಂದು ಪಕ್ಕ ಕೂತಳು. "ಮಾರ್ಚಲ್ಲಿ ನೋಡೋಣಮ್ಮ. ಮುಂದಿನ ಸಲ ಖಂಡಿತ."

ಅಪ್ಪನ ಮಗಳೇ.

"ಒಬ್ಳೇ ಹೋಗ್ತೀನಿ" ಅಂದೆ. ಒಬ್ಬಳೇ ಮೆಜೆಸ್ಟಿಕ್ ದಾಟಿ ಹೋದವಳಲ್ಲ ನಾನು. ಆದರೆ ಮಾತು ವಾಪಸ್ ತೆಗೆದುಕೊಳ್ಳಲಿಲ್ಲ. ಹಳೆಯ ನೀಲಿ ಕಾಟನ್ ಬಟ್ಟೆ ಪೆಟ್ಟಿಗೆಯಲ್ಲಿತ್ತು. ಅದರಲ್ಲಿ ಒಂದು ಚೂಡಿದಾರ್ ಕತ್ತರಿಸಿದೆ. ಊರಿಗೆಲ್ಲ ಹೊಲಿದು ಕೊಟ್ಟಿದ್ದೇನೆ, ನನಗಾಗಿ ಇದೇ ಮೊದಲು. ಮಧ್ಯಾಹ್ನ ಅತ್ತೆ ಮಲಗಿದಾಗ ಹೊಲಿಯುವುದು, ಎದ್ದಾಗ ಬ್ಲೌಸುಗಳ ಕೆಳಗೆ ಮುಚ್ಚಿಡುವುದು.

ಫೆಬ್ರವರಿ 3, ಸೋಮವಾರ. ಮಧ್ಯಾಹ್ನ

ಸಿಕ್ಕಿಬಿದ್ದೆ. ಅತ್ತೆ ಮಲಗಿರಲಿಲ್ಲ. ಬಂದು ಮಿಷನ್ ಮೇಲಿದ್ದ ಚೂಡಿದಾರ್ ಕೈಗೆತ್ತಿಕೊಂಡರು.

"ಯಾರ್ದಿದು?"

"ನಂದೇ ಅತ್ತೆ."

ಹೊಲಿಗೆಯನ್ನು ಬೆರಳಲ್ಲಿ ಎಳೆದು ನೋಡಿದರು. "ಒಳ್ಳೇದೇ ಆಯ್ತು ಬುಡು. ಸೀರೆ ನೀರಲ್ಲಿ ಕಾಲಿಗೆ ಸುತ್ಕೊಂತದೆ."

ಅತ್ತೆ ಅಲ್ಲೇ ನೆಲದ ಮೇಲೆ ಕೂತರು.

"ಶಶಿ, ಮಹದೇವ ಕೇಳ್ತಿದ್ದ ಕಣವ್ವ. ಮುರುಡೇಶ್ವರಕ್ಕೆ ಹೋದಾಗೆಲ್ಲ ಕೇಳ್ತಿದ್ದ. ಅಮ್ಮ, ಐದು ನಿಮಿಷ ಗಾಡಿ ನಿಲ್ಸಣ, ಶಶಿ ಕಾಲು ನೆನೆಸ್ಕೊಂಡು ಬರ್ಲಿ ಅಂತ. ನಾನೇ ಬ್ಯಾಡ ಅಂದೆ."

"ನಂಗ್ಯಾಕೆ ಅವ್ರು ಒಂದಿನಾನೂ ಹೇಳ್ಲಿಲ್ಲ?"

"ಹೇಳಿದ್ರೆ ನಿಂಗೆ ನನ್ ಮ್ಯಾಲೆ ಸಿಟ್ಟು ಬರ್ತಿತ್ತಲ್ಲ. ತನ್ ಮ್ಯಾಲೆ ಹಾಕ್ಕೊಂಡ." ಸೆರಗಿನಿಂದ ಮೂಗು ಒರೆಸಿಕೊಂಡರು. "ಪುಣ್ಯ ದಾರೀಲಿ ಉಳ್ಕೊಂತದೆ ಅಂತ ಹೆದರ್ಕೊಂಡೆ. ಒಂದು ಚೂರೂ ಬುಡದಂಗೆ ಎಲ್ಲಾನೂ ಮನೇಗೇ ತಂದ್ನಲ್ಲ… ಏನಾಯ್ತು ಹೇಳು?"

ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತುಬಿಟ್ಟೆ. ಇಷ್ಟು ತಿಂಗಳು ಯಾರ ಮೇಲೆ ಹಲ್ಲು ಕಡಿಯುತ್ತಿದ್ದೆ ನಾನು. ಪಾಪ, ಆ ಮನುಷ್ಯ ಎರಡೂ ಕಡೆಯವರ ಸಿಟ್ಟನ್ನು ತಾನೇ ಹೊತ್ತುಕೊಂಡು, ನಗುತ್ತಾ "ಮುಂದಿನ ಸಲ" ಅನ್ನುತ್ತಿತ್ತು. ಒಂದು ಮಾತು ಹೇಳಬಾರದಿತ್ತೇ.

ಫೆಬ್ರವರಿ 4, ಮಂಗಳವಾರ

ಬೆಳಗಿನಿಂದ ಮನಸ್ಸು ಹೊಯ್ದಾಟ. ಸಿಟ್ಟಿನಲ್ಲಿ ಹೊರಟವಳು ನಾನು, ಈಗ ಆ ಸಿಟ್ಟೇ ಇಲ್ಲ. ಮತ್ತೆ ಯಾತಕ್ಕೆ ಹೋಗುವುದು? ಟಿಕೆಟ್ ಕ್ಯಾನ್ಸಲ್ ಮಾಡಿಸಿಬಿಡಲೇ ಅನ್ನಿಸಿತು.

ಸಂಜೆ ಚೂಡಿದಾರಿಗೆ ಕೊನೆಯ ಹೊಲಿಗೆ ಹಾಕಿದೆ. ಇಲ್ಲ, ಹೋಗುವುದೇ. ಇವರು ಕೇಳಿ ಸಿಗದೇ ಹೋದ ಐದು ನಿಮಿಷ ಅಲ್ಲಿದೆ.

ಫೆಬ್ರವರಿ 6, ಗುರುವಾರ. ಬಸ್ಸಿನಲ್ಲಿ

ಹೊರಡುವ ಹೊತ್ತಿಗೆ ಸರಿಯಾಗಿ ಯೋಗಾನಂದ ಹಾಜರ್. ಕೊನೆಯ ಪ್ರಯತ್ನ ಇರಬೇಕು. "ಅತ್ತಿಗೆ, ಇನ್ನೂ ಒಂದ್ಸಲ ಯೋಚನೆ ಮಾಡಿ…"

ಅತ್ತೆ ಬಾಗಿಲಿಗೆ ಬಂದರು. "ಕಳಿಸ್ತಿರೋದು ನಾನು. ಏನಿದ್ರೂ ನನ್ನ ಕೇಳು. ಈಗ ಗಾಡಿ ತೆಗ್ದು ಅವಳ್ನ ಬಸ್ ಹತ್ಸಿ ಬಾ."

ಮೈದುನ ಸ್ಕೂಟರ್ ತೆಗೆದರು. ಗೊರಗುಂಟೆಪಾಳ್ಯದಲ್ಲಿ ಬಸ್ಸಿಗೆ ಕಾದೆವು. ಬಸ್ಸು ಬಂದಾಗ ಬಾಳೆಹಣ್ಣು, ನೀರಿನ ಬಾಟಲಿ ಕೈಗಿಟ್ಟರು. "ಇಳಿದ ತಕ್ಷಣ ಫೋನ್ ಮಾಡಿ ಅತ್ತಿಗೆ" ಅಂದರು. ಕಣ್ಣು ಒದ್ದೆಯಾಗಿತ್ತು. ಅವರಿಗೂ ಅಣ್ಣ ತಾನೆ.

ಬಸ್ಸು ಕುಲುಕುತ್ತಿದೆ. ಅಕ್ಷರ ಸೊಟ್ಟ.

ಫೆಬ್ರವರಿ 7, ಶುಕ್ರವಾರ. ಸಂಜೆ

ನೀರು ಬೆಚ್ಚಗಿದೆ. ತಣ್ಣಗಿರುತ್ತದೆ ಅಂದುಕೊಂಡಿದ್ದೆ. ಅಲೆ ವಾಪಸ್ ಹೋಗುವಾಗ ಪಾದದ ಕೆಳಗಿನ ಮರಳನ್ನೂ ಎಳೆದುಕೊಂಡು ಹೋಗುತ್ತದೆ. ಮೊದಲ ಸಲ ಬಿದ್ದೇಬಿಡುತ್ತೇನೆ ಅನ್ನಿಸಿ ಗಾಳಿಯಲ್ಲಿ ಕೈ ಚಾಚಿದೆ. ಹಿಡಿದುಕೊಳ್ಳಲು ಯಾರೂ ಇರಲಿಲ್ಲ. ಬೀಳಲೂ ಇಲ್ಲ.

ನಿಂತಲ್ಲಿಂದಲೇ ಮನೆಗೆ ಫೋನ್ ಮಾಡಿದೆ. ಅತ್ತೆಯೇ ಎತ್ತಿದರು.

"ಕಾಲು ನೆನೀತಾ?"

"ಹೂಂ ಅತ್ತೆ. ಮೊಣಕಾಲಿನವರೆಗೂ."

"ಆ ಸದ್ದು ಅದ್ರುದ್ದೇನಾ?"

"ಅದೇ."

ಸುಮಾರು ಹೊತ್ತು ಆ ಕಡೆಯಿಂದ ಮಾತಿಲ್ಲ. ಫೋನ್ ಕಟ್ ಆಯಿತೇನೋ ಎಂದು ನೋಡಿದೆ. ಆಗಿರಲಿಲ್ಲ.

"ಐದು ನಿಮಿಷ ಆಯ್ತು ಅತ್ತೆ. ಇಡ್ತೀನಿ" ಅಂದೆ.

"ಆದ್ರೆ ಆಗ್ಲಿ. ಇನ್ನೂ ಒಸಿ ಹೊತ್ತು ನಿಂತ್ಕೊ."

ನಿಂತೆ. ಫೋನ್ ಇಡಲಿಲ್ಲ, ನೀರಿನ ಕಡೆಗೆ ಹಿಡಿದುಕೊಂಡೇ ನಿಂತೆ.

ರೂಮಿಗೆ ಬಂದು ಇಷ್ಟು ಬರೆಯುವಷ್ಟರಲ್ಲಿ ಮತ್ತೆ ಹೋಗಬೇಕು ಅನ್ನಿಸುತ್ತಿದೆ. ಚೂಡಿದಾರ್ ಇನ್ನೂ ಒದ್ದೆ. ಇರಲಿ, ನೆನೆಯುವುದಕ್ಕೆ ತಾನೆ ಹೋಗುವುದು. ಕತ್ತಲಾಗುವುದರೊಳಗೆ ಒಂದು ಸಲ… ಈ ರೂಮಿನ ಕೀ ಎಲ್ಲಿಟ್ಟೆ —